1325ನೇ ನಿರ್ಣಯಕ್ಕೆ ಬೂದಿಗೆರೆಯಿಂದ ಒಂದು ವ್ಯಾಖ್ಯಾನ

ಮಹಿಳೆ, ಶಾಂತಿ ಮತ್ತು ಭದ್ರತೆಯ ಕುರಿತ 1325ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಅವಿರೋಧವಾಗಿ ಅಂಗೀಕರಿಸಿತು. ಪೀಠಿಕೆ ಬಿಟ್ಟರೆ ಅದರಲ್ಲಿರುವುದು 18 ಕಲಂ. ಬರೆದವರ ಕಣ್ಣಮುಂದೆ ಇದ್ದದ್ದು ಬಂದೂಕಿನ ಜಗಳಗಳು. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ ಬಂದೂಕಿಲ್ಲ, ಇರುವುದು ಜಮೀನಿನ ಜಗಳ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣದ ಬಾಗಿಲು ತೆರೆದ ಮೇಲೆ ಈ ಸೀಮೆಯಲ್ಲಿ ಎಕರೆಯ ಮಾತು ಹಿಂದೆ ಸರಿದು ಚದರಡಿಯ ಮಾತು ಮುಂದೆ ಬಂತು. ಅಣ್ಣತಮ್ಮಂದಿರ ಪಾಲು, ಬದುವಿನ ತಕರಾರು, ಸರ್ಕಾರದ ಭೂಸ್ವಾಧೀನ ಎಲ್ಲಕ್ಕೂ ಬಿಸಿ ಏರಿತು. ಎರಡೂ ಕಡೆಯ ಜಗಳವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ನಿರ್ಣಯ ಎತ್ತುವ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ರಾಜಿಯ ಷರತ್ತು ಗೊತ್ತುಮಾಡುವಾಗ ಹೆಂಗಸರು ಎಲ್ಲಿರುತ್ತಾರೆ? ಮುಂದೆ ಪ್ರತಿ ಕಲಮಿನ ಸಾರ ಮೊದಲು, ವಿವರಣೆ ಆಮೇಲೆ.

ಪೀಠಿಕೆ: ಸಂಘರ್ಷದ ಪೆಟ್ಟು ಹೆಚ್ಚಾಗಿ ಬೀಳುವುದು ನಾಗರಿಕರಿಗೆ, ಅದರಲ್ಲೂ ಹೆಂಗಸರು ಮಕ್ಕಳಿಗೆ. ಜಗಳ ತಡೆಯುವುದರಲ್ಲಿ, ಬಗೆಹರಿಸುವುದರಲ್ಲಿ, ಶಾಂತಿ ಕಟ್ಟುವುದರಲ್ಲಿ ಹೆಂಗಸರ ಪಾತ್ರ ಮುಖ್ಯ. ಅವರಿಗೆ ಸಮಪಾಲು ಇರಬೇಕು.

ಇಲ್ಲಿ ಎರಡು ಮಾತಿವೆ. ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ. ನಿರ್ಣಯದ ಬಲವಿರುವುದು ಎರಡನೆಯದರಲ್ಲಿ. ಕಾಪಾಡಬೇಕಾದವಳನ್ನು ಏನೂ ಕೇಳದೆಯೇ ಕಾಪಾಡಬಹುದು, ಪಾಲುದಾರಳನ್ನಾದರೆ ಕೇಳಲೇಬೇಕು. ಹಳ್ಳಿಯಲ್ಲಿ ಎರಡು ಮನೆಗಳ ನಡುವೆ ಮಾತು ನಿಂತಾಗ, ನಾಲ್ಕು ದಿನ ಬಿಟ್ಟು ಬೇಲಿಯಾಚೆ ಒಂದು ಕಟ್ಟು ಸೊಪ್ಪು ದಾಟಿಸಿ ಮಾತು ಶುರುಮಾಡುವವಳು ಹೆಂಗಸೇ. ಆದರೆ ಆ ಬೇಲಿ ಎಲ್ಲಿ ಬರಬೇಕೆಂದು ಸರ್ವೆಯವರು ಅಳೆಯಲು ಬಂದ ದಿನ ಅವಳು ಅಡುಗೆಮನೆಯಲ್ಲಿ ಅವರಿಗೆ ಕಾಫಿ ಕಾಯಿಸುತ್ತಿರುತ್ತಾಳೆ. ಶಾಂತಿಯ ದುಡಿಮೆ ಅವಳದು, ಶಾಂತಿಯ ಕರಾರು ಬೇರೆಯವರದು. ನಿರ್ಣಯ ತಿದ್ದಹೊರಟಿರುವುದು ಇದನ್ನೇ.

ಕಲಂ 1: ಸಂಘರ್ಷದ ತಡೆ, ನಿರ್ವಹಣೆ, ಪರಿಹಾರಕ್ಕಾಗಿ ಇರುವ ರಾಷ್ಟ್ರೀಯ, ಪ್ರಾದೇಶಿಕ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ, ನಿರ್ಧಾರದ ಎಲ್ಲ ಹಂತಗಳಲ್ಲೂ ಹೆಂಗಸರ ಪ್ರಾತಿನಿಧ್ಯ ಹೆಚ್ಚಬೇಕು.

"ನಿರ್ಧಾರದ ಎಲ್ಲ ಹಂತ" ಎಂಬಲ್ಲಿ ಕರ್ನಾಟಕ ವಿಶ್ವಸಂಸ್ಥೆಗಿಂತ ಮುಂದಿತ್ತು. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಬಂದ 1983ರ ಪಂಚಾಯಿತಿ ಕಾಯ್ದೆ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು; 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ದೇಶದಾದ್ಯಂತ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನ ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೇರಿಸಿತು. ಅಧ್ಯಕ್ಷೆಯ ಬದಲು ಆಕೆಯ ಯಜಮಾನರನ್ನೇ "ಅಧ್ಯಕ್ಷರೇ" ಎಂದು ಕರೆಯುವ ಊರುಗಳು ಇನ್ನೂ ಇವೆ. ಹಾಗಂತ ಕುರ್ಚಿ ಸಿಕ್ಕದ್ದು ಸುಳ್ಳಲ್ಲ.

"ತಡೆ, ನಿರ್ವಹಣೆ, ಪರಿಹಾರ" ಎಂಬ ಮೂರು ಕೆಲಸಗಳ ವಿಚಾರ ಬೇರೆ. ಪಂಚಾಯಿತಿಯಲ್ಲಿ ಚರಂಡಿ, ಬೀದಿದೀಪ, ಇ-ಸ್ವತ್ತು ಚರ್ಚೆಗೆ ಬರುತ್ತವೆ. ಜಗಳ ಹೋಗುವುದು ಅರಳಿಕಟ್ಟೆಗೆ, ಇಲ್ಲವೇ ಠಾಣೆಗೆ. ಕಟ್ಟೆಯಲ್ಲಿ ಮೀಸಲಾತಿ ಇಲ್ಲ. ಪಂಚಾಯಿತಿ ಕಾಯ್ದೆ ಇದಕ್ಕೊಂದು ದಾರಿ ಬಿಟ್ಟಿದೆ. ಪ್ರತಿ ಗ್ರಾಮ ಪಂಚಾಯಿತಿಗೂ ಸಾಮಾಜಿಕ ನ್ಯಾಯ ಸಮಿತಿ ಇರಬೇಕು, ಅದರಲ್ಲಿ ಒಬ್ಬ ಮಹಿಳೆ, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯರು ಇರಲೇಬೇಕು. ದುರ್ಬಲರನ್ನು ಅನ್ಯಾಯ, ಶೋಷಣೆಗಳಿಂದ ಕಾಪಾಡುವುದು ಅದರ ಹೊಣೆ. ಈ ಸಮಿತಿ ಸಭೆ ಸೇರಿ ನಡಾವಳಿ ಬರೆದರೆ ಒಂದನೇ ಕಲಂ ಊರಿಗೆ ಇಳಿದಂತೆ. ಸಹಿಗೆಂದು ಪುಸ್ತಕ ಮನೆಮನೆಗೆ ಹೋಗಿ ಬಂದರೆ ಇಲ್ಲ.

ಕಲಂ 2ರಿಂದ 7: ವಿಶ್ವಸಂಸ್ಥೆಯ ದೂತರು, ವೀಕ್ಷಕರು, ಪೊಲೀಸರಲ್ಲಿ ಹೆಂಗಸರು ಹೆಚ್ಚಲಿ, ಶಾಂತಿಪಾಲನೆಗೆ ಹೋಗುವವರಿಗೆ ಈ ಬಗ್ಗೆ ತರಬೇತಿ ಸಿಗಲಿ.

ಇವು ಹೆಚ್ಚಾಗಿ ಮಹಾಕಾರ್ಯದರ್ಶಿಯ ಕಚೇರಿಗೆ ಸೇರಿದ ಮಾತುಗಳು. ಭಾರತದ ಕೊಡುಗೆ ಒಂದನ್ನು ನೆನೆಯಬೇಕು: 2007ರಲ್ಲಿ ಲೈಬೀರಿಯಾಕ್ಕೆ ಹೋದ ನಮ್ಮ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಚರಿತ್ರೆಯಲ್ಲೇ ಮೊದಲ ಪೂರ್ಣ ಮಹಿಳಾ ತುಕಡಿ.

ಕಲಂ 8: ಶಾಂತಿ ಒಪ್ಪಂದ ಮಾಡುವವರು ಮೂರನ್ನು ಮರೆಯಬಾರದು. (ಅ) ಮರಳಿ ನೆಲೆಗೊಳ್ಳುವಾಗ ಹೆಂಗಸರು, ಹೆಣ್ಣುಮಕ್ಕಳ ವಿಶೇಷ ಅಗತ್ಯ; (ಆ) ಸ್ಥಳೀಯ ಹೆಂಗಸರ ಶಾಂತಿಪ್ರಯತ್ನಗಳಿಗೆ ಬೆಂಬಲ; (ಇ) ಸಂವಿಧಾನ, ಚುನಾವಣೆ, ಪೊಲೀಸು, ನ್ಯಾಯಾಂಗಗಳಲ್ಲಿ ಹೆಂಗಸರ ಹಕ್ಕು.

ನಿರ್ಣಯದ ಜೀವಾಳ ಇದು.

(ಅ) ಯುದ್ಧವಿಲ್ಲದ ಕಡೆಯೂ ಜನ ನೆಲೆ ತಪ್ಪುತ್ತಾರೆ. 2013ರ ಭೂಸ್ವಾಧೀನ ಕಾಯ್ದೆ ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟ ಹೆಣ್ಣುಮಕ್ಕಳನ್ನು ಪ್ರತ್ಯೇಕ ಕುಟುಂಬ ಎಂದೇ ಎಣಿಸುತ್ತದೆ. 100 ಎಕರೆ ಮೇಲ್ಪಟ್ಟ ಯೋಜನೆಗಳ ಪುನರ್ವಸತಿ ಸಮಿತಿಯಲ್ಲಿ ಆ ಪ್ರದೇಶದ ಹೆಂಗಸರ ಪ್ರತಿನಿಧಿ ಇರಬೇಕು ಎನ್ನುತ್ತದೆ. ಎಂಟನೇ ಕಲಮಿನ ಮಾತನ್ನೇ ಇದು ನೆಲದ ಕಾನೂನಾಗಿ ಹೇಳಿದಂತೆ. ಆದರೆ ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ನೋಟಿಸು ಬಂದದ್ದು ಆ ಕಾಯ್ದೆಯಡಿ ಅಲ್ಲ, 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ನೋಟಿಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಹಸುಗಳಿಗೆ ಸೀಮೆಹುಲ್ಲು ಕೊಯ್ದು, ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವವಳ ಹೆಸರು ಪಹಣಿಯ ಯಾವ ಕಾಲಮ್ಮಿನಲ್ಲೂ ಇರದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅವಳು ಕಳೆದುಕೊಂಡದ್ದು ಏನೂ ಇಲ್ಲ.

(ಆ) ಆ ಹೋಬಳಿಯ 13 ಹಳ್ಳಿಗಳ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ಮೂರು ವರ್ಷ ದಾಟಿದ ಈ ಹೋರಾಟದಲ್ಲಿ ಹೆಂಗಸರು ಗಂಡಸರಷ್ಟೇ ಗಟ್ಟಿಯಾಗಿ ನಿಂತರು. 2025ರ ಜೂನ್ 25ರ "ದೇವನಹಳ್ಳಿ ಚಲೋ" ದಿನ ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಜುಲೈ 15ರಂದು ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಇಷ್ಟು ಉದ್ದದ ಜಗಳ ಹಿಂಸೆಗೆ ತಿರುಗದೆ ಮಾತುಕತೆಯ ಮೇಜಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಬೆಳಗಿನ ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಮತ್ತೆ ಪೆಂಡಾಲಿಗೆ ಬಂದು ಕೂರುವ ತಾಳ್ಮೆಯನ್ನು ಹೋರಾಟದ ಬಲ ಎಂದು ಲೆಕ್ಕಕ್ಕೆ ಹಿಡಿಯುವುದೇ "ಸ್ಥಳೀಯ ಪ್ರಯತ್ನ" ಎಂಬುದರ ಅರ್ಥ. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಮತ್ತು ಸಂಗಾತಿಗಳು ಮಾಡಿದ್ದೂ ಕೂರುವ ಕೆಲಸವನ್ನೇ: ಘಾನಾದ ಅಕ್ರಾದಲ್ಲಿ ಸಂಧಾನ ನಡೆಯುತ್ತಿದ್ದ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗದೆ ಹೊರಗೆ ಬಿಡೆವು ಎಂದರು. 2011ರಲ್ಲಿ ಬೋವಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

(ಇ) ಹಕ್ಕಿನ ಕಾನೂನಿಗೆ ಇಲ್ಲಿ ಬರವಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು.

ಈಗ ಸಬ್ ರಿಜಿಸ್ಟ್ರಾರ್ ಆಫೀಸಿನ ಜಗಲಿಗೆ ಬನ್ನಿ. ಜಮೀನು ಲೇಔಟಿನವರಿಗೆ ಗೊತ್ತಾಗಿದೆ, ಅಡ್ವಾನ್ಸು ಬಂದಿದೆ, ಹೆಣ್ಣುಮಕ್ಕಳ ಸಹಿ ಇಲ್ಲದೆ ಆಗುವುದಿಲ್ಲ ಎಂದು ವಕೀಲರು ಹೇಳಿದ್ದಾರೆ. ಸೂಲಿಬೆಲೆಗೋ ವಿಜಯಪುರಕ್ಕೋ ಕೊಟ್ಟ ಅಕ್ಕನನ್ನು ತಮ್ಮ ಕಾರಿನಲ್ಲಿ ಕರೆತಂದಿದ್ದಾನೆ. ಕೈಯಲ್ಲಿ ಹಕ್ಕು ಬಿಡುಗಡೆ ಪತ್ರ. ಓದಿ ಹೇಳುವವರಿಲ್ಲ, ಸಹಿ ಎಲ್ಲಿ ಹಾಕಬೇಕೆಂದು ತೋರಿಸುವವರಿದ್ದಾರೆ. ಫೋಟೊ ಆಯಿತು, ಹೆಬ್ಬೆಟ್ಟೂ ಆಯಿತು. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಒಂದಿಷ್ಟು ದುಡ್ಡು. ಅವಳು ಅನುಮಾನಿಸಿದರೆ ಕೇಳಿಬರುವ ಮಾತು ಈ ಸೀಮೆಗೆಲ್ಲ ಗೊತ್ತು: "ತವರಿನ ಬಾಗಿಲು ಬೇಕೋ ಬೇಡ್ವೋ ನೋಡ್ಕಳಕ್ಕ." ಅವಳು ಸಹಿ ಹಾಕುತ್ತಾಳೆ, ಮನೆಯಲ್ಲಿ ಜಗಳ ಆಗುವುದಿಲ್ಲ, ಊರವರು "ಒಳ್ಳೆ ಹೆಣ್ಣುಮಗಳು" ಎನ್ನುತ್ತಾರೆ. ಶಾಂತಿಯೇನೋ ನೆಲೆಸಿತು, ಅದರ ಪೂರ್ತಿ ಖರ್ಚು ಅವಳ ತಲೆಗೆ ಬಿತ್ತು. ಹಕ್ಕನ್ನೂ ಶಾಂತಿಯನ್ನೂ ಎಂಟನೇ ಕಲಂ ಒಟ್ಟಿಗೆ ಇಟ್ಟಿರುವುದು ಇಂಥ ಶಾಂತಿಯನ್ನು ಶಾಂತಿ ಎಂದು ಒಪ್ಪದಿರಲೆಂದೇ.

ಕಲಂ 9ರಿಂದ 11: ಸಂಘರ್ಷದಲ್ಲಿ ಹೆಂಗಸರ ರಕ್ಷಣೆಯ ಕಾನೂನುಗಳನ್ನು ಪಾಲಿಸಿ, ಅತ್ಯಾಚಾರ, ಲೈಂಗಿಕ ಹಿಂಸೆ ತಡೆಯಿರಿ, ಇಂಥ ಅಪರಾಧಗಳನ್ನು ಸಾಮೂಹಿಕ ಕ್ಷಮಾದಾನದಿಂದ ಹೊರಗಿಡಿ.

ಕ್ಷಮಾದಾನ ದೇಶಗಳ ಮಟ್ಟದ ವಿಚಾರ. ಊರಿನ ಮಟ್ಟದಲ್ಲಿ ಅದಕ್ಕೆ ರಾಜಿ ಪಂಚಾಯಿತಿ ಎನ್ನುತ್ತೇವೆ. "ಎರಡು ಕೋಮಿನ ನಡುವೆ ಹೊಡೆದಾಟ ಆಗೋದು ಬೇಡ, ಹುಡುಗಿ ಮರ್ಯಾದೆ ಬೀದಿಗೆ ಬರೋದು ಬೇಡ" ಎಂದು ಹಿರಿಯರು ದಂಡ ಕಟ್ಟಿಸಿ ಮುಗಿಸುವುದುಂಟು. ಅತ್ಯಾಚಾರದ ಪ್ರಕರಣದಲ್ಲಿ ಯಾವ ಸಂದರ್ಭದಲ್ಲೂ ರಾಜಿಗೆ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ಕಟ್ಟೆಯ ಹಿರಿಯರಿಗೂ ಇದು ಅನ್ವಯ.

ಕಲಂ 12ರಿಂದ 14: ನಿರಾಶ್ರಿತರ ಶಿಬಿರ, ನಿಶ್ಶಸ್ತ್ರೀಕರಣ, ಆರ್ಥಿಕ ನಿರ್ಬಂಧಗಳಲ್ಲಿ ಹೆಂಗಸರ ಅಗತ್ಯ ಗಮನಿಸಿ.

ಬೂದಿಗೆರೆಗೆ ತಾಗದ ಮಾತುಗಳು. ತತ್ತ್ವ ಮಾತ್ರ ಅದೇ: ಯೋಜನೆ ಬರೆಯುವಾಗಲೇ ಕೇಳಬೇಕು, ಆಮೇಲಲ್ಲ.

ಕಲಂ 15: ಮಂಡಳಿಯ ನಿಯೋಗಗಳು ಸ್ಥಳೀಯ ಮಹಿಳಾ ಗುಂಪುಗಳ ಜೊತೆ ಸಮಾಲೋಚಿಸಲಿ.

ಕರ್ನಾಟಕದಲ್ಲಿ ಗುಂಪುಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ವಿಮೋಚನಾ 1979ರಿಂದ ಕೆಲಸ ಮಾಡುತ್ತಿದೆ. ನಿರ್ಣಯ ಬಂದ 2000–01ರಲ್ಲೇ ಸರ್ಕಾರದ ಸ್ತ್ರೀಶಕ್ತಿ ಯೋಜನೆಯೂ ಶುರುವಾಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಕುಡಿತ ಅವರಿಗೆ ಮನೆಯೊಳಗಿನ ಶಾಂತಿಯ ಪ್ರಶ್ನೆ. ಕೊರತೆಯಿರುವುದು ಕೇಳುವವರದ್ದು. ಸಾಲ ವಸೂಲಿಗೆ, ಸಮಾರಂಭದ ಕುರ್ಚಿ ತುಂಬಿಸುವುದಕ್ಕೆ ಸಂಘದವರಿಗೆ ಫೋನು ಬರುತ್ತದೆ. ಗೋಮಾಳ ಯಾರಿಗೆ, ಕೆರೆ ಒತ್ತುವರಿ ಯಾರದು ಎಂಬ ಸಭೆಗೆ ಬರುವುದಿಲ್ಲ. ಗ್ರಾಮಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ಕರೆಯುವ ಕ್ರಮ ನಮ್ಮಲ್ಲಿದೆ. ಜಮೀನು, ನೀರು, ದಾರಿಯ ತಕರಾರುಗಳನ್ನು ಅದರ ಕಾರ್ಯಸೂಚಿಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಲಂ 16ರಿಂದ 18: ಅಧ್ಯಯನ ನಡೆಯಲಿ, ವರದಿ ಬರಲಿ, ಮಂಡಳಿ ಈ ವಿಷಯವನ್ನು ಕೈಬಿಡುವುದಿಲ್ಲ.

ಕಡೆಯ ಮಾತು ಮಂಡಳಿಯ ನಿರ್ಣಯಗಳ ವಾಡಿಕೆಯ ಮುಕ್ತಾಯ. ಇಲ್ಲಿ ಅದಕ್ಕೆ ತಕ್ಕ ನಡೆಯೂ ಇದೆ: 2008ರ 1820ರಿಂದ ಹಿಡಿದು ಇದೇ ವಿಷಯಕ್ಕೆ ಹಲವು ನಿರ್ಣಯಗಳು ಬಂದವು. ನೇಪಾಳ 2011ರಲ್ಲಿ, ಬಾಂಗ್ಲಾದೇಶ 2019ರಲ್ಲಿ ಈ ನಿರ್ಣಯವನ್ನು ಜಾರಿಗೆ ತರಲು ರಾಷ್ಟ್ರೀಯ ಕ್ರಿಯಾಯೋಜನೆ ಮಾಡಿಕೊಂಡವು.

ಬೂದಿಗೆರೆಯ ಹೆಣ್ಣುಮಗಳು ಅಂಥ ಯೋಜನೆಗೆ ಕಾಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ವರಮಾನ ಎಷ್ಟೇ ಇರಲಿ, ಪ್ರತಿ ಮಹಿಳೆಗೂ ಉಚಿತ ಕಾನೂನು ನೆರವು ಸಿಗಬೇಕು; ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುವುದೇ ಅದಕ್ಕೆ. ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುಂಚೆ ತಮ್ಮನ ಕಡೆಯವರಲ್ಲದ ಒಬ್ಬ ವಕೀಲರಿಂದ ಅದನ್ನು ಓದಿಸಿ ಕೇಳಲಿ. ಆಮೇಲೂ ಪಾಲು ಬಿಡುವುದಾದರೆ ಅದು ಅವಳು ಮನಸಾರೆ ಕೊಟ್ಟದ್ದು. ಬಿಡುವುದಿಲ್ಲವಾದರೆ ಅವಳನ್ನು ಜಗಳಗಂಟಿ ಎನ್ನುವ ಹಕ್ಕು ಊರಿಗಿಲ್ಲ.