ಎಫ್ 2.8ರ ಬೆನ್ನು ಹತ್ತಿದ ವೈಡ್ ಲೆನ್ಸುಗಳು

ಸಿಗ್ಮಾ, ಟ್ಯಾಮ್ರಾನ್, ಟೋಕಿನಾ, ಸಮ್‌ಯಾಂಗ್ ಕಂಪನಿಗಳ ವೈಡ್ ಆಂಗಲ್ ಲೆನ್ಸುಗಳ ಮೇಲೆ ನನ್ನದೊಂದು ತಕರಾರಿದೆ. ಕ್ಯಾಮೆರಾ ಕಂಪನಿಯದ್ದಲ್ಲ, ಅಗ್ಗದ್ದು, ಹಾಗಾಗಿ ಕಳಪೆ ಎನ್ನುವ ಹಳೆಯ ದೂರಲ್ಲ ಅದು. ಆ ಮಾತಿಗೆ ಈಗ ಆಧಾರವೇ ಉಳಿದಿಲ್ಲ. ಈ ಕಂಪನಿಗಳು ಬಹುಕಾಲ ಎಫ್ 2.8 ಎಂಬ ಒಂದು ಅಂಕಿಯ ಬೆನ್ನು ಹತ್ತಿದವು, ಪರೀಕ್ಷಿಸಿ ಬರೆಯುವವರೂ ಆ ಅಂಕಿಗೇ ಮಣೆ ಹಾಕಿದರು. ಬೆಟ್ಟ, ಬಯಲು, ಜಲಪಾತ ತೆಗೆಯುವವರಿಗೆ ಅಷ್ಟು ದೊಡ್ಡ ಅಪರ್ಚರ್ ಬೇಕಾಗುವುದೇ ಅಪರೂಪ.

ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 17 ಎಂಎಂ ಲೆನ್ಸ್ ಹಾಕಿ, ಅಪರ್ಚರನ್ನು ಎಫ್ 11ಕ್ಕೆ ಇಳಿಸಿ, ಸುಮಾರು 90 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಅರ್ಧ ಮೀಟರಿನಿಂದ ದಿಗಂತದವರೆಗೆ ಒಪ್ಪುವಷ್ಟು ಸ್ಪಷ್ಟತೆ ಸಿಗುತ್ತದೆ. ಕಾಲಬುಡದ ಬಂಡೆಯೂ ಬೇಕು, ಹಿಂದಿನ ಗುಡ್ಡವೂ ಬೇಕು ಎನ್ನುವವರು ಎಫ್ 8 ಮತ್ತು 11ರ ನಡುವೆಯೇ ಓಡಾಡುತ್ತಾರೆ. ಅಲ್ಲಿ ಚಿತ್ರದ ನಡುಭಾಗ ನೋಡಿ ದುಬಾರಿ ಲೆನ್ಸ್ ಯಾವುದು, ಅಗ್ಗದ್ದು ಯಾವುದು ಎಂದು ಹೇಳುವುದು ಕಷ್ಟ. ಲೆನ್ಸಿನ ಗುಣ ಗೊತ್ತಾಗಬೇಕಾದರೆ ಮೂಲೆಗಳನ್ನು ನೋಡಬೇಕು, ಸೂರ್ಯ ಚೌಕಟ್ಟಿನೊಳಗೆ ಬಂದಾಗ ಏನಾಗುತ್ತದೆಂದು ನೋಡಬೇಕು. ಎಲ್ಲಕ್ಕಿಂತ ಮೊದಲು ಲೆನ್ಸಿನ ಮುಂದಿನ ಗಾಜು ಯಾವ ಆಕಾರದಲ್ಲಿದೆ ಎಂದು ನೋಡಬೇಕು.

ಈ ಗಾಜಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮ್‌ಯಾಂಗ್ 14 ಎಂಎಂ, ಟ್ಯಾಮ್ರಾನ್ 15-30, 2019ರಲ್ಲಿ ಬಂದ ಸಿಗ್ಮಾ 14-24 ಆರ್ಟ್, ಇವೆಲ್ಲವುಗಳ ಮುಂದಿನ ಗಾಜು ಹೊರಕ್ಕೆ ಉಬ್ಬಿದೆ. ತಿರುಗಿಸಿ ಕೂರಿಸುವ ಮಾಮೂಲಿ ಫಿಲ್ಟರ್ ಇವಕ್ಕೆ ಹಿಡಿಸುವುದಿಲ್ಲ. ಇದರ ಕಷ್ಟ ಗೊತ್ತಾಗಲು ಮಳೆಗಾಲದ ಜೋಗಕ್ಕೆ ಹೋಗಬೇಕು. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಹಾಲಿನ ಎಳೆಯಂತೆ ತೋರಿಸಲು ಶಟರನ್ನು ಒಂದು ಸೆಕೆಂಡಾದರೂ ತೆರೆದಿಡಬೇಕು. ಮೋಡದ ಹಗಲಿನಲ್ಲೂ ಅದಕ್ಕೆ ಆರು ಸ್ಟಾಪ್‌ನಷ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಬೇಕು. ಒದ್ದೆ ಬಂಡೆ, ಒದ್ದೆ ಎಲೆಗಳ ಬಿಳಿ ಹೊಳಪು ತೆಗೆದು ಮಲೆನಾಡಿನ ಹಸಿರನ್ನು ಹೊರತರುವುದು ಪೋಲರೈಸರ್. ಆ ಕೆಲಸವನ್ನು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪೂರ್ತಿಯಾಗಿ ಮಾಡಲಾಗದು.

ಸಿಗ್ಮಾ 14-24ರ ಹಿಂಬದಿಯಲ್ಲಿ ತೆಳು ಹಾಳೆಯ ಫಿಲ್ಟರ್ ಸಿಕ್ಕಿಸುವ ಜಾಗವಿದೆ. ಕಾಗದದ ಮೇಲೆ ಇದು ಜಾಣತನದ ಪರಿಹಾರ. ಆದರೆ ಪ್ರತಿ ಸಲ ಫಿಲ್ಟರ್ ಬದಲಿಸಲು ಲೆನ್ಸ್ ಕಳಚಬೇಕು. ನೀರಿನ ಸಿಂಚನ ಮುಖಕ್ಕೆ ಹೊಡೆಯುವ ಜಾಗದಲ್ಲಿ ಸೆನ್ಸರ್ ತೆರೆದು ನಿಲ್ಲುವ ಧೈರ್ಯ ಯಾರಿಗಿದೆ? ತಿರುಗಿಸುತ್ತಾ ನೋಡಬೇಕಾದ ಪೋಲರೈಸರನ್ನಂತೂ ಅಲ್ಲಿ ಬಳಸುವಂತಿಲ್ಲ. ಮುಂದೆ ದೊಡ್ಡ ಚೌಕದ ಗಾಜಿನ ಫಿಲ್ಟರ್ ಹಿಡಿಸುವ ಸಲಕರಣೆ ಸಿಗುತ್ತದೆ, ನಿಜ. ಆದರೆ ಅದರ ಬೆಲೆ, ಭಾರ, ಒಡೆಯುವ ಭಯ ಸೇರಿದರೆ ಲೆನ್ಸಿನಲ್ಲಿ ಉಳಿಸಿದ ಹಣ ಅಲ್ಲಿಗೆ ಹೋಯಿತು. ಪರೀಕ್ಷಾ ಕೋಷ್ಟಕಗಳಲ್ಲಿ ಅಷ್ಟು ಮೆಚ್ಚುಗೆ ಪಡೆದ ಈ 795 ಗ್ರಾಂನ ಲೆನ್ಸನ್ನು ಭೂದೃಶ್ಯಕ್ಕೆ ನಾನು ಶಿಫಾರಸು ಮಾಡದಿರಲು ಕಾರಣ ಇದೇ.

14 ಎಂಎಂನ ಅಗಲವೂ ವರವೇನಲ್ಲ. ಅದರ ನೋಟದ ಕೋನ 114 ಡಿಗ್ರಿ. ದೂರದ ಸಾಲು ಬೆಟ್ಟಗಳನ್ನು ಅದರಲ್ಲಿ ತೆಗೆದರೆ 1,930 ಮೀಟರ್‌ನ ಮುಳ್ಳಯ್ಯನಗಿರಿಯೂ ಚಿತ್ರದ ನಡುವೆ ಸಣ್ಣ ಗೀರಾಗುತ್ತದೆ. ಮುಂದೆ ಹುಲ್ಲು, ಮೇಲೆ ಆಕಾಶ, ಎರಡೂ ಖಾಲಿ. ಇಷ್ಟು ಅಗಲದ ಲೆನ್ಸ್ ಹತ್ತಿರದ ವಸ್ತುವಿಗೆ ಎತ್ತರ ಕೊಡಲು ಇರುವುದು, ಇಡೀ ಘಾಟಿಯನ್ನು ಒಳಗೆ ತುರುಕಲು ಅಲ್ಲ. ರಾತ್ರಿ ಆಕಾಶ ತೆಗೆಯುವವರ ಲೆಕ್ಕ ಬೇರೆ. ಅವರಿಗೆ ಎಫ್ 2.8 ನಿಜಕ್ಕೂ ಬೇಕು. ಕೈಯಿಂದಲೇ ಫೋಕಸ್ ಮಾಡಬೇಕಾದ ಸಮ್‌ಯಾಂಗ್ 14, ಸಾಗರದ ಅಂಚನ್ನು ಮೀಸೆಯಂತೆ ಬಾಗಿಸಿದರೂ, ಮೂಲೆಯ ನಕ್ಷತ್ರಗಳನ್ನು ಚುಕ್ಕಿಗಳಾಗಿಯೇ ಉಳಿಸಿ ಅವರ ಪ್ರೀತಿ ಗಳಿಸಿತು. ಅದು ನ್ಯಾಯವಾದ ಪ್ರೀತಿ.

ಎಪಿಎಸ್-ಸಿ ಕ್ಯಾಮೆರಾದವರು ವರ್ಷಗಟ್ಟಲೆ ನೆಚ್ಚಿಕೊಂಡ ಟೋಕಿನಾ 11-16ಕ್ಕೆ 77 ಎಂಎಂ ಫಿಲ್ಟರ್ ಹಿಡಿಸುತ್ತದೆ, ಕಟ್ಟುಮಸ್ತಾದ ಮೈಕಟ್ಟೂ ಇದೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ನಿಂತಾಗ ಮಾತ್ರ ಅದರ ದೌರ್ಬಲ್ಯ ಬಯಲಾಗುತ್ತದೆ. ಎದುರು ಬೆಳಕಿಗೆ ಫ್ಲೇರ್, ಬಂಡೆಯ ಅಂಚಿಗೆ ನೇರಳೆ ಗೆರೆ. ಗೆರೆಯನ್ನು ಸಾಫ್ಟ್‌ವೇರ್ ಅಳಿಸೀತು, ಫ್ಲೇರ್ ತಿಂದುಹಾಕಿದ ನೆರಳಿನ ವಿವರವನ್ನು ಮರಳಿ ತರಲಾರದು.

ಸೋನಿ ಕ್ಯಾಮೆರಾಗಳಿಗೆ 2019ರಲ್ಲಿ ಬಂದ ಟ್ಯಾಮ್ರಾನ್ 17-28 ನನಗೆ ಮೆಚ್ಚುಗೆಯಾಗಿರುವುದು ಈ ಹಿನ್ನೆಲೆಯಲ್ಲೇ. 420 ಗ್ರಾಂ ತೂಕ, 67 ಎಂಎಂ ಫಿಲ್ಟರ್, ತೇವ ಒಳಗಿಳಿಯದಂತೆ ತಡೆ, ಜೂಮ್ ಮಾಡಿದರೂ ಬದಲಾಗದ ಉದ್ದ. ಸೋನಿಯದೇ ಆಗಿನ 16-35 ಜಿಎಂ 680 ಗ್ರಾಂ, 82 ಎಂಎಂ ಫಿಲ್ಟರ್. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಅದರ ಬೆಲೆ 2,199 ಡಾಲರ್, ಟ್ಯಾಮ್ರಾನ್‌ನದು 899. ಅಗಲದ ಕಡೆ ಒಂದು ಎಂಎಂ ಕಳೆದುಕೊಂಡಿದ್ದಕ್ಕೆ ಇದು ಬಹಳ ದೊಡ್ಡ ಪ್ರತಿಫಲ. 2022ರ ಸಿಗ್ಮಾ 16-28 ಆ ಒಂದು ಎಂಎಂ ಅನ್ನೂ ಕೊಟ್ಟಿತು. ಆದರೆ ಅದರಲ್ಲಿ ನೀರು ತಡೆಯುವ ರಬ್ಬರ್ ಇರುವುದು ಮೌಂಟ್ ಬಳಿ ಮಾತ್ರ. ಆಗುಂಬೆಯ ಮಳೆಗೆ ನಾನು ಟ್ಯಾಮ್ರಾನನ್ನೇ ಒಯ್ಯುವೆ.

ಈ ಹೊಗಳಿಕೆಯ ನಡುವೆಯೂ ಒಂದು ಮಾತು ಹೇಳಲೇಬೇಕು. ಅದೇ 2022ರಲ್ಲಿ ಸೋನಿ ತನ್ನ ಎಫ್ 4ರ ಪವರ್ ಜೂಮ್ 16-35 ತಂದಿತು. ಅದರ ತೂಕ ಬರೀ 353 ಗ್ರಾಂ. ಟ್ರೈಪಾಡ್ ಮೇಲೆ ಎಫ್ 11ರಲ್ಲಿ ಕೆಲಸ ಮಾಡುವವರಿಗೆ ಸರಿಯಾದ ಉತ್ತರ ಕ್ಯಾಮೆರಾ ಕಂಪನಿಯಿಂದಲೇ ಬಂತು, ಹೊರಗಿನವರಿಂದಲ್ಲ. 2023ರಲ್ಲಿ ಟ್ಯಾಮ್ರಾನ್ 17-50 ಎಫ್ 4 ತಂದಾಗ ಹೊರಗಿನ ಕಂಪನಿಯೊಂದೂ ಈ ದಾರಿಗೆ ಬಂದಂತಾಯಿತು. 460 ಗ್ರಾಂ, ಅದೇ 67 ಎಂಎಂ ಫಿಲ್ಟರ್, ಜೊತೆಗೆ 50ರವರೆಗೆ ಹೋಗುವ ಸೌಲಭ್ಯ. ಚಾರಣದಲ್ಲಿ ಮಂಜು ಸರಿದು ದೂರದ ಒಂಟಿ ಮರ ಕಂಡಾಗ ಲೆನ್ಸ್ ಬದಲಿಸಬೇಕಿಲ್ಲ. ಸಿಗ್ಮಾ ಕೂಡ ಇಂಥದ್ದೊಂದನ್ನು ಮಾಡಲಿ ಎಂಬುದು ನನ್ನ ಆಸೆ.

ಯಾವುದನ್ನೇ ಕೊಂಡರೂ ಕೈಗೆ ಬಂದ ಆ ಒಂದು ಲೆನ್ಸನ್ನೇ ಪರೀಕ್ಷಿಸಬೇಕು. ಒಂದೇ ಮಾದರಿಯ ಎರಡು ಲೆನ್ಸುಗಳು ಒಂದೇ ತೆರನಾಗಿರುವುದಿಲ್ಲ. ಒಳಗಿನ ಒಂದು ಗಾಜು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ, ಮತ್ತು ವೈಡ್ ಲೆನ್ಸಿನಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ದೂರದ ಒಂದು ಕಟ್ಟಡವನ್ನು ಎಫ್ 5.6ರಲ್ಲಿ ನಾಲ್ಕೂ ಮೂಲೆಗೆ ಸರದಿಯಂತೆ ತಂದು, ಟ್ರೈಪಾಡ್ ಮೇಲಿಂದ ತೆಗೆದು, ಪೂರ್ತಿ ದೊಡ್ಡದು ಮಾಡಿ ಹೋಲಿಸಿ. ಎಡ ಚುರುಕಾಗಿ ಬಲ ಮಂದವಾಗಿದ್ದರೆ, ಮರಳಿಸುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಒಯ್ದು ಬದಲಿ ಲೆನ್ಸ್ ಕೇಳಿ.