ಹಿಟ್ಟಿನ ಕೋಳಿ ಮತ್ತು ಮರದ ಮೀನು: ಐಸಾಕ್ ವಾಲ್ಟನ್ನನ ಗಾಳದ ಗ್ರಂಥ – ಒಂದು ವಿಮರ್ಶೆ

ಮತ್ತೆ ಮತ್ತೆ ಮುದ್ರಣಗೊಳ್ಳುತ್ತಲೇ ಬಂದಿರುವ ಆಂಗ್ಲ ಗ್ರಂಥಗಳಲ್ಲಿ, ಐಸಾಕ್ ವಾಲ್ಟನ್ ಎಂಬಾತನು 1653ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ದಿ ಕಂಪ್ಲೀಟ್ ಆಂಗ್ಲರ್’ ಒಂದು. ಗಾಳ ಹಾಕಿ ಮೀನು ಹಿಡಿಯುವುದನ್ನು ಬೋಧಿಸುವ ಈ ಪುಸ್ತಕಕ್ಕೂ ಶ್ರಾವಕರ ಮನೆಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ, ಉದ್ಯೋಗದಲ್ಲಿದ್ದಾರೆ. ಆ ನಾಡಿನಲ್ಲಿ ನದಿ, ಕಾಲುವೆ, ಕೆರೆಗಳ ದಡದಲ್ಲಿ ಗಾಳ ಹಿಡಿದು ನಿಲ್ಲುವುದು ಸಭ್ಯರ ವಿರಾಮವೆನಿಸಿದೆ. ಜೊತೆಗಾರರು ಕರೆದಾಗ ಹೇಳುವ ಮಾತು ಹೀಗಿರುತ್ತದೆ: ನಾವು ಮೀನನ್ನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ, ಗಾಳಕ್ಕೆ ಜೀವಂತ ಹುಳುವನ್ನೂ ಚುಚ್ಚುವುದಿಲ್ಲ, ಮರದ ಮೀನನ್ನು ತೋರಿಸಿ ನಿಜವಾದ ಮೀನನ್ನು ಹಿಡಿದು, ಕಣ್ತುಂಬ ನೋಡಿ, ಮರಳಿ ನೀರಿಗೆ ಬಿಡುತ್ತೇವೆ, ಇದರಲ್ಲಿ ಹಿಂಸೆ ಎಲ್ಲಿದೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರವನ್ನು ಹುಡುಕುವವರು ಈ ಹವ್ಯಾಸಕ್ಕೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟ ಗ್ರಂಥದಿಂದಲೇ ಆರಂಭಿಸುವುದು ಉಚಿತ.

ವಾಲ್ಟನ್ 1593ರಲ್ಲಿ ಸ್ಟಾಫರ್ಡ್‌ನಲ್ಲಿ ಜನಿಸಿ, ಲಂಡನ್ನಿನ ಫ್ಲೀಟ್ ಬೀದಿಯಲ್ಲಿ ಬಟ್ಟೆಯ ವ್ಯಾಪಾರ ಮಾಡಿದವನು. ಅವನ ಕಾಲ ಅಂತರ್ಯುದ್ಧದ ಕಾಲ. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಅದಾದ ನಾಲ್ಕು ವರ್ಷಗಳಿಗೆ ಈ ಪುಸ್ತಕ ಹೊರಬಂದಿತು. ಗಾಳಗಾರನೂ ಬೇಟೆಗಾರನೂ ಲೀ ನದಿಯ ತೀರದಲ್ಲಿ ನಡೆಯುತ್ತ ನಡೆಸುವ ಸಂಭಾಷಣೆಯೇ ಇದರ ಹಂದರ. ಗ್ರಂಥಕರ್ತನು ತನ್ನ ಜೀವಿತಕಾಲದಲ್ಲಿಯೇ ಇದನ್ನು ಹಲವು ಸಲ ತಿದ್ದಿ ಹಿಗ್ಗಿಸಿದನು. 1676ರ ಐದನೆಯ ಆವೃತ್ತಿಗೆ ಅವನ ಮಿತ್ರ ಚಾರ್ಲ್ಸ್ ಕಾಟನ್ ಎರಡನೆಯ ಭಾಗವನ್ನು ಬರೆದು ಸೇರಿಸಿದನು. ದೇಶವೇ ದ್ವೇಷದಿಂದ ಕುದಿಯುತ್ತಿದ್ದಾಗ ಈ ವರ್ತಕನು ಸಂತೃಪ್ತಿ, ಸಹನೆ, ಮೌನ, ಮಿತಜೀವನಗಳನ್ನು ಕೊಂಡಾಡಿದನು. ಐಶ್ವರ್ಯದ ಬೆನ್ನುಹತ್ತಿ ನೆಮ್ಮದಿಯನ್ನು ಕಳೆದುಕೊಳ್ಳುವವರನ್ನು ಕುರಿತು ಅವನಾಡುವ ಮಾತುಗಳು ಅಪರಿಗ್ರಹದ ಹೊಸ್ತಿಲವರೆಗೆ ಬರುತ್ತವೆ. ಈ ಗುಣವನ್ನು ಒಪ್ಪಿಕೊಳ್ಳದೆ ಗ್ರಂಥವನ್ನು ವಿಮರ್ಶಿಸುವುದು ನ್ಯಾಯವಾಗದು.

ಆದರೆ ಪೈಕ್ ಮೀನಿನ ಪ್ರಕರಣಕ್ಕೆ ಬಂದಾಗ ವಾಚಕನು ತಡೆದು ನಿಲ್ಲಬೇಕಾಗುತ್ತದೆ. ಪೈಕ್ ಯುರೋಪಿನ ಸಿಹಿನೀರಿನ ದೊಡ್ಡ ಬೇಟೆಮೀನು. ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿ, ಒಳಮುಖವಾಗಿ ಬಾಗಿದ ಹಲ್ಲುಗಳ ಸಾಲು, ಜೊಂಡಿನ ನಡುವೆ ಕಾಣದಂತೆ ನಿಲ್ಲಲು ನೆರವಾಗುವ ಹಸಿರು ಮೈ ಮತ್ತು ತಿಳಿಬಣ್ಣದ ಚುಕ್ಕೆಗಳು ಅದರ ಲಕ್ಷಣ. ವಾಲ್ಟನ್ ಅದನ್ನು ಮೀನುಗಳ ನಡುವಿನ ಕ್ರೂರ ಅರಸನಂತೆ ವರ್ಣಿಸಿ, ಹಿಡಿಯುವ ಕ್ರಮವನ್ನು ಹೇಳುತ್ತಾನೆ. ಜೀವಂತ ಕಪ್ಪೆಯೊಂದರ ಬಾಯಿಯೊಳಗಿಂದ ಕೊಕ್ಕೆಯನ್ನು ತೂರಿಸಬೇಕು. ನವುರಾದ ಸೂಜಿ ಮತ್ತು ರೇಷ್ಮೆನೂಲಿನಿಂದ ಅದರ ತೊಡೆಯನ್ನು ಕೊಕ್ಕೆಯ ತಂತಿಗೆ ಒಂದೇ ಹೊಲಿಗೆಯಿಂದ ಸೇರಿಸಬೇಕು. ಇದನ್ನೆಲ್ಲ ಮಾಡುವಾಗ ಕಪ್ಪೆಯ ಮೇಲೆ ಅಕ್ಕರೆಯುಳ್ಳವನಂತೆ ಮೃದುವಾಗಿ ವರ್ತಿಸಬೇಕು, ಏಕೆಂದರೆ ಅದು ಹೆಚ್ಚು ಹೊತ್ತು ಬದುಕಿದ್ದರೆ ಹೆಚ್ಚು ಹೊತ್ತು ಉಪಯೋಗಕ್ಕೆ ಬರುತ್ತದೆ. ಇದು ಈ ಗ್ರಂಥದ ಅತ್ಯಂತ ಕುಖ್ಯಾತವಾದ ಭಾಗ. ಇಲ್ಲಿ ಮೃದುತ್ವವಿದೆ, ಕರುಣೆಯಿಲ್ಲ. ಯಾತನೆಯನ್ನು ಕಡಿಮೆ ಮಾಡಬೇಕಾದ ಕೈಚಳಕವು ಯಾತನೆಯನ್ನು ದೀರ್ಘಗೊಳಿಸುವ ಸಾಧನವಾಗಿದೆ. ಪಾಪಕಾರ್ಯದ ಉಪದೇಶವನ್ನು ನಮ್ಮ ಆಚಾರ್ಯರು ಅನರ್ಥದಂಡದಲ್ಲಿ ಏಕೆ ಸೇರಿಸಿದರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಇಂಪಾದ ಶೈಲಿಯಲ್ಲಿ ಹೇಳಿದ ಉಪದೇಶವು ಕೈಯನ್ನು ಕಲಿಸುವುದರ ಜೊತೆಗೆ ಮನಸ್ಸನ್ನೂ ಒಗ್ಗಿಸಿಬಿಡುತ್ತದೆ.

ಇದನ್ನು ಅವನ ನಾಡಿನವರೇ ಗುರುತಿಸದೆ ಇರಲಿಲ್ಲ. ಕವಿ ಬೈರನ್ 1823ರಲ್ಲಿ ಪ್ರಕಟವಾದ ‘ಡಾನ್ ಜುವಾನ್’ ಕಾವ್ಯದ ಹದಿಮೂರನೆಯ ಸರ್ಗದಲ್ಲಿ ವಾಲ್ಟನ್ನನನ್ನು ಕಟುವಾಗಿ ಹಳಿದು, ಅವನ ಗಂಟಲಿಗೇ ಗಾಳ ಬೀಳಬೇಕೆಂಬ ಅರ್ಥದ ಮಾತನ್ನಾಡಿದನು. ಖಂಡನೆಯೇನೋ ಸರಿ, ಆದರೆ ಯಾತನೆಗೆ ಪ್ರತಿಯಾಗಿ ಯಾತನೆಯನ್ನು ಬಯಸುವುದು ವಿಮರ್ಶೆಯಾಗದು, ಅದೂ ಒಂದು ಕಷಾಯವೇ. ಗಾಳಗಾರನನ್ನು ದ್ವೇಷಿಸದೆ ಗಾಳವನ್ನು ಪರೀಕ್ಷಿಸುವುದು ನಮ್ಮ ಕೆಲಸ.

ವಾಲ್ಟನ್ನನ ಕಪ್ಪೆಯ ಸ್ಥಾನಕ್ಕೆ ಕೃತಕ ಎರೆಯು ಕ್ರಮೇಣ ಬಂದಿತು. ಅದರ ಬೀಜವು ವಾಲ್ಟನ್ನನ ಗ್ರಂಥದಲ್ಲಿಯೇ ಇದೆ: ಟ್ರೌಟ್ ಮೀನನ್ನು ಹಿಡಿಯಲು ಸ್ತ್ರೀಯೊಬ್ಬಳು ಬಟ್ಟೆಯ ಮೇಲೆ ರೇಷ್ಮೆ ಮತ್ತು ಬೆಳ್ಳಿಯ ಎಳೆಗಳಿಂದ ಹೊಲಿದುಕೊಟ್ಟ ಕಿರುಮೀನಿನ ಪ್ರತಿಕೃತಿಯನ್ನು ಅವನು ಮೆಚ್ಚಿ ವರ್ಣಿಸಿದ್ದಾನೆ. ಅನಂತರದ ಕಾಲದಲ್ಲಿ ಲೋಹದ ಚಮಚೆಯಾಕಾರದ ಎರೆ, ಗಿರ್ರನೆ ತಿರುಗುವ ತಗಡಿನ ಎರೆ, ಮರದ ಮೀನು, ಈಚೆಗೆ ರಬ್ಬರಿನಂತೆ ಬಳುಕುವ ಪ್ಲಾಸ್ಟಿಕ್ ಮೀನು ಇವೆಲ್ಲ ಬಳಕೆಗೆ ಬಂದವು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಫಿನ್ಲೆಂಡಿನ ಲೌರಿ ರಪಾಲ ಎಂಬ ಬಡ ಬೆಸ್ತನು 1936ರಲ್ಲಿ ಬೆಂಡಿನಿಂದ ಕೆತ್ತಿದ ಎರೆ. ಮುಂದೆ ಅದನ್ನು ಹಗುರವಾದ ಬಾಲ್ಸಾ ಮರದಿಂದ ತಯಾರಿಸತೊಡಗಿದರು. ಕಿರುಮೀನುಗಳ ಗುಂಪಿನಲ್ಲಿ ಗಾಯಗೊಂಡು ಓರೆಯಾಗಿ ತಡವರಿಸುತ್ತ ಈಜುವ ಮೀನನ್ನೇ ಬೇಟೆಮೀನು ಆರಿಸಿಕೊಳ್ಳುತ್ತದೆ ಎಂಬುದನ್ನು ಅವನು ಗಮನಿಸಿದ್ದನು. ಆ ತಡವರಿಕೆಯನ್ನೇ ಬೆಂಡಿನಲ್ಲಿ ಮೂಡಿಸಿದುದು ಅವನ ಸಾಧನೆ.

ಪೈಕ್ ಮೀನು ಕಣ್ಣಿನಿಂದಲೂ, ತಲೆ ಮತ್ತು ಪಕ್ಕೆಗಳ ಮೇಲಿರುವ ಕಂಪನಗ್ರಾಹಿ ರಂಧ್ರಗಳಿಂದಲೂ ಬೇಟೆಯನ್ನು ಅರಿಯುತ್ತದೆ. ಗಾಳಗಾರನು ಎರೆಯನ್ನು ಜೊಂಡಿನ ಅಂಚಿಗೆ ಎಸೆದು, ರೀಲಿನಿಂದ ದಾರವನ್ನು ಸುತ್ತುತ್ತ, ನಡುನಡುವೆ ನಿಲ್ಲಿಸಿ, ಸೋತ ಮೀನಿನ ನಡೆಯನ್ನು ಅಭಿನಯಿಸುತ್ತಾನೆ. ಎಷ್ಟೋ ಸಲ ಪೈಕ್ ಎರಗುವುದು ಆ ನಿಲುಗಡೆಯ ಕ್ಷಣದಲ್ಲಿಯೇ. ನಾಲಗೆಯ ಚಪಲದಿಂದ ಮೀನು ಕೆಡುತ್ತದೆ ಎಂಬುದು ನಮ್ಮ ನೀತಿಗ್ರಂಥಗಳ ಪರಿಚಿತ ದೃಷ್ಟಾಂತ. ಇಲ್ಲಿ ನಾಲಗೆಗೆ ರುಚಿಯೇ ಇಲ್ಲ. ಮತ್ತೊಂದು ಜೀವದ ಸಂಕಟದ ನಕಲೇ ಎರೆಯಾಗಿದೆ. ಮೀನಿಗೆ ಸಂಕಟವೆಂಬುದಿಲ್ಲ ಎನ್ನುವ ಹವ್ಯಾಸಿಯ ಕೈಯಲ್ಲಿಯೇ ಮೀನಿನ ಸಂಕಟದ ಪ್ರತಿಮೆ ಇರುತ್ತದೆ ಎಂಬುದು ವಿಚಾರಾರ್ಹ.

ಸುಧಾರಣೆಯನ್ನು ಸುಧಾರಣೆಯೆಂದೇ ಒಪ್ಪಬೇಕು. ಕೃತಕ ಎರೆಯಿಂದ ಕಪ್ಪೆ ಉಳಿಯಿತು, ಕಿರುಮೀನು ಉಳಿಯಿತು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವುದೇ ನಿಷಿದ್ಧ. ಆತ್ಮಸಾಕ್ಷಿಯುಳ್ಳ ಗಾಳಗಾರರು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಉಪಯೋಗಿಸುತ್ತಾರೆ. ಪೈಕ್ ಹಲ್ಲಿಗೆ ಸಿಕ್ಕಿ ದಾರ ತುಂಡಾದರೆ ಕೊಕ್ಕೆ ಬಾಯಿಯಲ್ಲಿಯೇ ಉಳಿದೀತೆಂದು ಉಕ್ಕಿನ ತಂತಿಯನ್ನು ಕಟ್ಟುತ್ತಾರೆ. ಮೈಯ ಲೋಳೆ ಕಳಚದಂತೆ ಒದ್ದೆ ಚಾಪೆಯ ಮೇಲೆ ಮಲಗಿಸಿ, ಉದ್ದನೆಯ ಇಕ್ಕಳದಿಂದ ಕೊಕ್ಕೆ ಬಿಡಿಸುತ್ತಾರೆ. ಬೇಸಿಗೆಯಲ್ಲಿ ನೀರು ಬಿಸಿಯಾಗಿ ಪ್ರಾಣವಾಯು ಕುಗ್ಗಿದಾಗ ಪೈಕ್‌ಗೆ ಗಾಳ ಹಾಕಬಾರದೆಂದು ಅನುಭವಿಗಳೇ ಎಚ್ಚರಿಸುತ್ತಾರೆ. ಇಷ್ಟೆಲ್ಲ ಜಾಗರೂಕತೆ ಏಕೆ ಬೇಕಾಯಿತು? ಹಿಡಿದು ಬಿಟ್ಟ ಮೀನೂ ಬಳಲುತ್ತದೆ, ಕೆಲವೊಮ್ಮೆ ಸಾಯುತ್ತದೆ ಎಂಬುದು ಅವರಿಗೆ ಗೊತ್ತಿರುವುದರಿಂದಲೇ.

ಈ ಹಂತದಲ್ಲಿ ಕನ್ನಡ ವಾಚಕರಿಗೆ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರದು. 1209ರ ಆ ಕಾವ್ಯದಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವಂತ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯದಿದ್ದರೂ ಸಂಕಲ್ಪದ ದೋಷದಿಂದ ತಾಯಿ ಮಕ್ಕಳಿಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ಯಶೋಧರನು ಮೀನಾಗಿಯೇ ಹುಟ್ಟುತ್ತಾನೆ. ಹಿಟ್ಟಿನ ಕೋಳಿಗೂ ಮರದ ಮೀನಿಗೂ ಹೋಲಿಕೆಯಿದೆ, ಭೇದವೂ ಇದೆ. ಅಲ್ಲಿ ಬಲಿ ಹುಸಿ, ಸಂಕಲ್ಪ ಮಾತ್ರ ನಿಜ. ಇಲ್ಲಿ ಹುಸಿಯಾದುದು ಎರೆಯೊಂದೇ. ಸಂಕಲ್ಪವೂ ನಿಜ, ಕೊಕ್ಕೆಯೂ ನಿಜ, ಚುಚ್ಚಿಸಿಕೊಳ್ಳುವ ಬಾಯಿಯೂ ನಿಜ. ಹಿಟ್ಟಿನ ಕೋಳಿಯೇ ದೋಷವಾದ ಮೇಲೆ ಮರದ ಮೀನನ್ನು ನಿರ್ದೋಷವೆನ್ನಲು ಹೇಗೆ ಸಾಧ್ಯ?

ಕೊಂದರೆ ಮಾತ್ರ ಹಿಂಸೆ ಎಂಬ ತಿಳಿವಳಿಕೆಯೂ ಸರಿಯಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಪ್ರಾಣ ತೆಗೆಯುವುದಲ್ಲ, ಹೊಡೆದು ನೋಯಿಸುವುದು. ಐದರಲ್ಲಿ ಯಾವುದಕ್ಕೂ ಮರಣ ಅಗತ್ಯವಿಲ್ಲ. ದಾರದ ತುದಿಯಲ್ಲಿ ಸೆಣಸುವ ಮೀನಿಗೆ ಬಂಧವಿದೆ, ಕೊಕ್ಕೆ ಹೊಕ್ಕ ದವಡೆಗೆ ಛೇದವಿದೆ. ಅದು ದಣಿಯುವವರೆಗೆ ಆಡಿಸುವುದನ್ನೇ ಆಟದ ಸಾರವೆನ್ನುತ್ತಾರೆ.

ಮೀನಿಗೆ ನೋವಿನ ಅರಿವಿಲ್ಲವೆಂಬ ವಾದವೊಂದಿದೆ. ನೋವಿನ ಅನುಭವಕ್ಕೆ ಬೇಕಾದ ಮಿದುಳಿನ ಹೊರಪದರ ಮೀನಿಗಿಲ್ಲವೆಂದು ಅಮೆರಿಕದ ಜೇಮ್ಸ್ ರೋಸ್ 2002ರಲ್ಲಿ ವಾದಿಸಿದರು. ಮರುವರ್ಷವೇ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಅವರ ಸಹೋದ್ಯೋಗಿಗಳು, ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರಾಗ್ರಗಳಿವೆಯೆಂದೂ, ತುಟಿಗೆ ಆಮ್ಲವನ್ನು ಚುಚ್ಚಿದಾಗ ಅದು ಆಹಾರವನ್ನು ಬಿಟ್ಟು ತುಟಿಯನ್ನು ಜಲ್ಲಿಗೆ ಉಜ್ಜುತ್ತದೆಂದೂ ತೋರಿಸಿದರು. ಅದನ್ನು ತೋರಿಸುವುದಕ್ಕೂ ಮೀನಿಗೆ ನೋವು ಕೊಡಬೇಕಾಯಿತೆಂಬುದು ಖೇದದ ಸಂಗತಿ. ಪೈಕ್ ಮೀನಿನ ಬಗೆಗೇ ಬೆಕೆಮಾ ಎಂಬ ಡಚ್ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿರುಗುವ ತಗಡಿನ ಎರೆಗೆ ಒಮ್ಮೆ ಸಿಕ್ಕಿಬಿದ್ದ ಪೈಕ್ ಮತ್ತೆ ಅದಕ್ಕೆ ಸುಲಭವಾಗಿ ಮೋಸಹೋಗುವುದಿಲ್ಲವೆಂದು ಕಂಡುಬಂದಿತು. ಅದು ಕಲಿಯುತ್ತದೆ, ನೆನಪಿಡುತ್ತದೆ, ಹೆದರಿ ದೂರ ಸರಿಯುತ್ತದೆ. ಮೀನನ್ನು ಪಂಚೇಂದ್ರಿಯ ಜೀವವೆಂದು ಎಣಿಸಿದ ಪರಂಪರೆಗೆ ಇದು ಆಶ್ಚರ್ಯದ ಸುದ್ದಿಯಲ್ಲ.

ಎದುರುವಾದಗಳನ್ನೂ ಪರಿಶೀಲಿಸೋಣ. ಪೈಕ್ ತಾನೇ ಮೀನುಗಳನ್ನು ನುಂಗಿ ಬದುಕುವುದಲ್ಲವೆ ಎನ್ನುವರು. ಹೌದು, ಅದಕ್ಕೆ ಬೇರೆ ಆಹಾರವಿಲ್ಲ, ವ್ರತವನ್ನು ಸ್ವೀಕರಿಸುವ ವಿವೇಕವೂ ಇಲ್ಲ, ಮನುಷ್ಯನಿಗೆ ಎರಡೂ ಇವೆ. ಗಾಳಗಾರರು ನದಿಗಳನ್ನು ಕಾಪಾಡಿದ್ದಾರೆ ಎನ್ನುವರು. ಇದು ಹೆಚ್ಚು ತೂಕದ ವಾದ. 1950ರ ದಶಕದ ಆರಂಭದಲ್ಲಿ ಡರ್ಬಿ ನಗರದ ಗಾಳಗಾರರ ಸಂಘವೊಂದು, ಡರ್ವೆಂಟ್ ನದಿಯನ್ನು ಕೆಡಿಸುತ್ತಿದ್ದ ಕಾರ್ಖಾನೆಯ ಮೇಲೂ ನಗರಾಡಳಿತದ ಮೇಲೂ ದಾವೆ ಹೂಡಿ ಗೆದ್ದಿತು. ಕೊಳೆಯ ನೀರಿನಲ್ಲಿ ಉಸಿರುಕಟ್ಟಿ ಸಾಯುತ್ತಿದ್ದ ಅಸಂಖ್ಯ ಜೀವಗಳ ಪಾಲಿಗೆ ಅದು ಉಪಕಾರ. ದಡದಿಂದ ದೂರ ಕುಳಿತು ಅಹಿಂಸೆಯನ್ನು ಮಾತನಾಡುವ ನಾವು ಇದನ್ನು ಕಂಡು ಕಲಿಯಬೇಕು. ಆದರೆ ನದಿಯ ಮೇಲಣ ಪ್ರೀತಿಗೆ ಕೊಕ್ಕೆ ಅನಿವಾರ್ಯವೆಂದು ಇದರಿಂದ ಸಿದ್ಧವಾಗದು.

ರಾಜ್ಯಶಾಸನಗಳು ಕೂಡ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಬ್ರಿಟನ್ನಿನಲ್ಲಿ 2006ರ ಪ್ರಾಣಿಕಲ್ಯಾಣ ಕಾಯಿದೆಯು ಮೀನುಗಾರಿಕೆಯ ಸಹಜ ಕ್ರಮದಲ್ಲಿ ನಡೆಯುವುದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 2022ರ ಮತ್ತೊಂದು ಕಾಯಿದೆಯು ಮೀನುಗಳನ್ನೂ ಒಳಗೊಂಡ ಎಲ್ಲ ಕಶೇರುಕಗಳನ್ನು ಸಂವೇದನೆಯುಳ್ಳ ಪ್ರಾಣಿಗಳೆಂದು ಅಂಗೀಕರಿಸಿತು. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿಸಂರಕ್ಷಣಾ ನಿಯಮವು ಮತ್ತೂ ಮುಂದೆ ಹೋಗಿ, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಆಹಾರಕ್ಕಾಗಿ ಹಿಡಿಯುವುದಕ್ಕೆ ಅಲ್ಲಿ ಅನುಮತಿಯಿರುವುದರಿಂದ ಅದು ನಮ್ಮ ಅಹಿಂಸೆಯಲ್ಲ. ಆದರೂ ಕೇವಲ ಆಟಕ್ಕಾಗಿ ನೋಯಿಸಬಾರದೆಂಬ ಒಂದು ಸೂಕ್ಷ್ಮವನ್ನು ಅದು ಹಿಡಿದಿದೆ.

ಹಿಡಿದು ಬಿಡುವ ಕಥೆ ನಮ್ಮ ಪರಂಪರೆಯಲ್ಲಿಯೂ ಇದೆ. ಹತ್ತನೆಯ ಶತಮಾನದ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ ಬರುವ ಮೃಗಸೇನನೆಂಬ ಬೆಸ್ತನು, ಬಲೆಗೆ ಬೀಳುವ ಮೊದಲ ಮೀನನ್ನು ಕೊಲ್ಲುವುದಿಲ್ಲವೆಂದು ಮುನಿಯ ಬಳಿ ವ್ರತ ತೊಡುತ್ತಾನೆ. ಅಂದು ಅದೇ ಮೀನು ಮತ್ತೆ ಮತ್ತೆ ಬಲೆಗೆ ಬೀಳುತ್ತದೆ. ಅವನು ಪ್ರತಿಸಲವೂ ಬಿಡುತ್ತಾನೆ. ಬರಿಗೈಯಲ್ಲಿ ಮನೆಗೆ ಮರಳಿ ಹೆಂಡತಿಯ ಕೋಪಕ್ಕೆ ಗುರಿಯಾಗುತ್ತಾನೆ. ಮೃಗಸೇನನಿಗೆ ಮೀನು ಬೇಕಾಗಿತ್ತು, ಆದರೂ ಬಿಟ್ಟನು. ಆ ಬಿಡುಗಡೆಗೆ ಅವನು ತನ್ನ ಹೊಟ್ಟೆಯ ಬೆಲೆ ತೆತ್ತನು. ಇಂದಿನ ಹವ್ಯಾಸಿಗೆ ಮೀನು ಬೇಡವಾಗಿದೆ, ಆದರೂ ಹಿಡಿಯುತ್ತಾನೆ. ಅವನ ಬಿಡುಗಡೆ ನಾಳೆ ಮತ್ತೆ ಹಿಡಿಯುವುದಕ್ಕೆ ಮಾಡಿಕೊಂಡ ಏರ್ಪಾಡು. ಕೈಯ ಕ್ರಿಯೆ ಒಂದೇ, ಭಾವ ಪರಸ್ಪರ ವಿರುದ್ಧ. ಹಸಿವಿನ ನೆಪವೂ ಇಲ್ಲದೆ ಉಳಿಯುವುದು ವಿನೋದವೊಂದೇ. ವಿನೋದಕ್ಕಾಗಿ ತಿಳಿದು ತಿಳಿದು ನೋಯಿಸುವುದನ್ನು ಸಂಕಲ್ಪೀ ಹಿಂಸೆಯೆನ್ನದೆ ಬೇರೇನೆನ್ನಬೇಕು?

ಆದುದರಿಂದ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ತಂದಾಗ, ಗದರಿಸಿ ಬಾಯಿ ಮುಚ್ಚಿಸುವ ಬದಲು ಈ ಭೇದವನ್ನು ತಿಳಿಯಹೇಳುವುದು ಹಿರಿಯರ ಕರ್ತವ್ಯ. ಬಿಟ್ಟದ್ದು ಒಳ್ಳೆಯದೇ; ಹಿಡಿದದ್ದು ಏಕೆ ಎಂಬುದನ್ನು ಅವರೇ ಕೇಳಿಕೊಳ್ಳಲಿ. ಜೊತೆಗಾರರ ಸ್ನೇಹವನ್ನು ಕಳೆದುಕೊಳ್ಳಬೇಕಾಗಿಲ್ಲ. ದಡಕ್ಕೆ ಹೋಗಲಿ, ಜೊಂಡಿನ ನೆರಳಿನಲ್ಲಿ ಅಲುಗದೆ ನಿಂತ ಪೈಕ್ ಮೀನನ್ನು ನೋಡಲಿ, ಕೋಲನ್ನು ಮಾತ್ರ ಹಿಡಿಯದಿರಲಿ. ಹಿಂಸೋಪಕರಣಗಳನ್ನು ಒದಗಿಸುವುದೂ ಅನರ್ಥದಂಡವಾದುದರಿಂದ, ಗಾಳ ಕೊಕ್ಕೆಗಳ ವ್ಯಾಪಾರಕ್ಕೆ ಬಂಡವಾಳ ಹೂಡುವ ವರ್ತಕ ಬಂಧುಗಳೂ, ಬಸದಿಯ ಕೆರೆಗಳನ್ನು ಮೀನು ಹಿಡಿಯಲು ಗುತ್ತಿಗೆಗೆ ಕೇಳಿ ಬರುವವರಿಗೆ ಉತ್ತರ ಕೊಡಬೇಕಾದ ಟ್ರಸ್ಟುಗಳೂ ಈ ವಿಚಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ವಾಲ್ಟನ್ನನ ಗ್ರಂಥವನ್ನು ಬಹಿಷ್ಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ನೀರಿನ ಬಳಿ ಸುಮ್ಮನೆ ಕುಳಿತ ಮನುಷ್ಯನಿಗೆ ದೊರೆಯುವ ಶಾಂತಿಯನ್ನು ಅವನಷ್ಟು ಚೆನ್ನಾಗಿ ಬಣ್ಣಿಸಿದವರು ಕಡಿಮೆ. ಆ ಶಾಂತಿಯಲ್ಲಿ ನೀರಿನೊಳಗಿನ ಜೀವಕ್ಕೆ ಪಾಲಿದೆಯೇ ಎಂದು ಅವನು ಕೇಳಲಿಲ್ಲ. ಅದು ಆ ಗ್ರಂಥದ ದೊಡ್ಡ ಕೊರತೆ. ಆ ಪ್ರಶ್ನೆಯನ್ನು ಕೇಳುವ ಹೊಣೆ ಇಂದು ಓದುವವರದು.