ಗಡ್ಕರಿ ಪತ್ರ: ಓದದೆ ಹೊಗಳಿದ್ದು

ವಿಮೆ ಕಂತಿನ ಮೇಲಿನ ಜಿಎಸ್‌ಟಿ ತೊಲಗಿದ್ದು ಕೇಂದ್ರ ಸಚಿವ ನಿತಿನ್ ಗಡ್ಕರಿ 2024ರ ಜುಲೈ 28ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಬರೆದ ಪತ್ರದಿಂದ ಎಂದು ನಂಬುವವರು ಬಹಳ. ಸಂಪುಟದೊಳಗಿನವರೇ ಮಧ್ಯಮ ವರ್ಗದ ಪರ ದನಿ ಎತ್ತಿದರೆಂಬುದು ಅದರ ಕೀರ್ತಿಯ ಬಂಡವಾಳ. ಆದರೆ ಅದು ನಾಗಪುರ ವಿಭಾಗದ ಎಲ್‌ಐಸಿ ನೌಕರರ ಸಂಘ ಕೊಟ್ಟ ಮನವಿಯನ್ನು ಮುಂದಕ್ಕೆ ದಾಟಿಸಿದ ಪತ್ರ. ಅದನ್ನು ಪತ್ರ ಮುಚ್ಚಿಟ್ಟಿಲ್ಲ, ಮುಚ್ಚಿಟ್ಟವರು ಹೊಗಳಿದವರು. ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳನ್ನು ಒಗ್ಗೂಡಿಸಬೇಕೆಂಬ ಬೇಡಿಕೆಯೂ ಅದೇ ಹಾಳೆಯಲ್ಲಿತ್ತು. ಅದು ಪಾಲಿಸಿದಾರನ ಅಳಲಲ್ಲ, ನೌಕರರ ಚಿಂತೆ.

ಎಲ್ಲರ ಬಾಯಲ್ಲಿ ಉಳಿದದ್ದು ಒಂದೇ ಮಾತು: ಜೀವ ವಿಮೆಗೆ ತೆರಿಗೆ ಹಾಕುವುದೆಂದರೆ ಬದುಕಿನ ಅನಿಶ್ಚಿತತೆಗೇ ತೆರಿಗೆ ಹಾಕಿದಂತೆ ಎಂಬುದು. ಕೇಳಲು ಸೊಗಸು, ಲೆಕ್ಕಕ್ಕೆ ಅರೆಬರೆ. ಶೇ 18ರ ಪೂರ್ತಿ ಹೊರೆ ಇದ್ದದ್ದು ಬರೀ ಸಾವಿನ ಅಪಾಯಕ್ಕೆ ರಕ್ಷಣೆ ಕೊಡುವ ಟರ್ಮ್ ಪಾಲಿಸಿಗೆ ಮತ್ತು ಆರೋಗ್ಯ ವಿಮೆಗೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿರುವ, ಉಳಿತಾಯವೂ ಬೆರೆತ ಎಂಡೋಮೆಂಟ್ ಪಾಲಿಸಿಗೆ ಮೊದಲ ವರ್ಷ ಶೇ 4.5, ಆಮೇಲೆ ಶೇ 2.25 ಮಾತ್ರ ಇತ್ತು. ಅಂದರೆ ಕಾನೂನು ಉಳಿತಾಯವನ್ನು ಬಿಟ್ಟು ಅಪಾಯದ ಪಾಲಿಗಷ್ಟೇ ತೆರಿಗೆ ಹಾಕಲು ಹೊರಟಿತ್ತು. ವಾದದ ನಿಜವಾದ ಮೊನೆ ಇದ್ದದ್ದೇ ಇಲ್ಲಿ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ಪತ್ರ ಆ ಮೊನೆಯನ್ನು ಮೊಂಡು ಮಾಡಿತು. ಭಾವ ಗೆದ್ದಿತು, ವಾದ ಸೊರಗಿತು.

ಏನೇ ಆಗಲಿ ಫಲ ಸಿಕ್ಕಿತಲ್ಲ ಎನ್ನಬಹುದು. ಸಿಕ್ಕಿತು, ವರ್ಷ ಕಳೆದ ಮೇಲೆ, ಬೇರೆ ಬಾಗಿಲಿನಿಂದ. ಜಿಎಸ್‌ಟಿ ದರ ಹಣಕಾಸು ಸಚಿವೆ ಒಬ್ಬರದೇ ಕೈಯಲ್ಲಿಲ್ಲ. ಅದನ್ನು ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳದ್ದು ಮೂರನೇ ಎರಡರಷ್ಟು ಮತಬಲ, ತೀರ್ಮಾನಕ್ಕೆ ಬೇಕಾದ್ದು ನಾಲ್ಕನೇ ಮೂರರಷ್ಟು. ನಿಮ್ಮ ರಾಜ್ಯಗಳ ಹಣಕಾಸು ಸಚಿವರಿಗೆ ಬರೆದಿರಾ ಎಂದು ಸೀತಾರಾಮನ್ ಸಂಸದರನ್ನು ಆ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಕೇಳಿದ್ದು ಜಾರಿಕೊಳ್ಳುವ ಉತ್ತರವೆಂದು ಹಲವರು ಟೀಕಿಸಿದರು. ಜಾರಿಕೆಯೇ ಇರಲಿ, ವಿಳಾಸ ಸರಿಯಿತ್ತು. ಇದೇ ತೆರಿಗೆಯ ವಿರುದ್ಧ ಸಂಸತ್ತಿನ ಮಕರ ದ್ವಾರದಲ್ಲಿ ಫಲಕ ಹಿಡಿದ ವಿರೋಧ ಪಕ್ಷಗಳ ಸಂಸದರಿಗೇ ಯಶಸ್ಸು ಸಲ್ಲಬೇಕೆನ್ನುವವರೂ ಇದ್ದಾರೆ. ಅವರ ಪಕ್ಷಗಳು ಆಳುವ ರಾಜ್ಯಗಳೂ ಈ ತೆರಿಗೆಯ ಪಾಲುದಾರರೇ ಎಂಬುದನ್ನು ಅವರು ಮರೆಯುತ್ತಾರೆ. ಮಂಡಳಿ 2024ರ ಸೆಪ್ಟೆಂಬರ್‌ನಲ್ಲಿ ಸಚಿವರ ಗುಂಪಿಗೆ ವಿಷಯ ಒಪ್ಪಿಸಿತು. 2025ರ ಸೆಪ್ಟೆಂಬರ್ 3ರಂದು, ಒಟ್ಟು ದರ ಬದಲಾವಣೆಯ ಜೊತೆಗೆ, ವೈಯಕ್ತಿಕ ಪಾಲಿಸಿಗಳಿಗೆ ವಿನಾಯಿತಿ ಕೊಟ್ಟಿತು. ವಿನಾಯಿತಿ ಬಂದಾಗ ಕಂಪನಿಗಳ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ) ಹೋಗುತ್ತದೆ, ಆ ನಷ್ಟ ಏಜೆಂಟರ ಕಮಿಷನ್‌ಗೋ ಮೂಲ ಕಂತಿಗೋ ತಗಲುತ್ತದೆ. ಹೊಗಳಿದವರು ಈ ಲೆಕ್ಕವನ್ನು ಕೇಳಲೇ ಇಲ್ಲ. ವಿನಾಯಿತಿ ಎಲ್ಲರಿಗೂ ಸಿಗಲೂ ಇಲ್ಲ: ಕಂಪನಿ ತನ್ನ ನೌಕರರಿಗೆ ಕೊಡಿಸುವ ಗುಂಪು ವಿಮೆ ಅಂದಿನ ತೀರ್ಮಾನದಲ್ಲಿ ಶೇ 18ರಲ್ಲೇ ಉಳಿಯಿತು.